ಕೊಟ್ಟೆ, ತಗೊಂಡೆ

ನನ್ನ ಅಣ್ಣ ನಮ್ಮನೆಯವರನ್ನು ಭಾವ ಎನ್ನುತ್ತಾನೆ. ನಮ್ಮನೆಯವರೂ ಅವನನ್ನು ಭಾವ ಎನ್ನುತ್ತಾರೆ. ಒಬ್ಬರು ತಂಗಿಯ ಗಂಡ, ಇನ್ನೊಬ್ಬ ಹೆಂಡತಿಯ ಅಣ್ಣ. ಎರಡು ಕಡೆಯಿಂದಲೂ ಸರಿಯೇ. ಆದರೆ ಮಹಡಿಯ ಕೋಣೆಯಿಂದ "ಭಾವಾ", "ಏನ್ ಭಾವಾ", "ಅಲ್ಲ ಭಾವಾ" ಎಂದು ಒಂದೇ ಸಮನೆ ಕೇಳುತ್ತಿದ್ದರೆ, ಕೆಳಗೆ ಬಟ್ಟೆಯ ಅಳತೆ ಕೊಡಲು ಬಂದವರು ಮೇಲೆ ಯಾರೋ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ.

ಆ ಕೋಣೆ ಕಟ್ಟಿಸಿದ್ದು ನನ್ನ ಹೊಲಿಗೆಗೆಂದು. ಉತ್ತರಕ್ಕೆ ದೊಡ್ಡ ಕಿಟಕಿ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರವೂ ಕಾಣುವಂಥ ಬೆಳಕು. ನಮ್ಮನೆಯವರದು ಕನ್ನಡಕದ ಅಂಗಡಿ. ಇಪ್ಪತ್ತಾರು ವರ್ಷದ ಹಿಂದೆ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಅಂಗೈ ಉದ್ದದ ರೈಲು ಇಂಜಿನ್ನು, ನಾಲ್ಕು ಬೋಗಿ, ಒಂದು ಚೀಲ ಹಳಿ ತಂದು ಇವರ ಕೈಗಿಟ್ಟರು. ರೈಲು ಓಡಲಿಲ್ಲ. ಇವರು ನನ್ನ ಅಣ್ಣನಿಗೆ ಹೇಳಿಕಳಿಸಿದರು. ಅಣ್ಣ ಬಂದ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ, "ಹತ್ತು ನಿಮಿಷದ ಕೆಲ್ಸ" ಅಂದ. ಆ ಹತ್ತು ನಿಮಿಷ ಇನ್ನೂ ಮುಗಿದಿಲ್ಲ. ನನ್ನ ಹೊಲಿಗೆ ಮಿಷನ್ನು ಕೆಳಗೆ, ಬಾಗಿಲ ಸಂದಿಯಲ್ಲಿ, ಟ್ಯೂಬ್‌ಲೈಟಿನ ಅಡಿಯಲ್ಲಿದೆ.

ಅಣ್ಣ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ದುಡಿದವನು. ತಗಡಿನ ಹಾಳೆಯಿಂದ ಡಬ್ಬದ ಮುಚ್ಚಳ ಕತ್ತರಿಸುವ ಪ್ರೆಸ್ಸು ಅವನ ಸುಪರ್ದಿಯಲ್ಲಿತ್ತು. ಅದರ ಪಕ್ಕ ನಿಂತರೆ ಎದೆಯೊಳಗೆ ಗುದ್ದಿದ ಹಾಗಾಗುತ್ತಿತ್ತು. ಕಿವಿಗೆ ಮೊದಲೆಲ್ಲ ಹತ್ತಿ ತುರುಕಿಕೊಳ್ಳುತ್ತಿದ್ದರು, ಸರಿಯಾದ ಕಿವಿಮುಚ್ಚುಗ ಬಂದದ್ದು ಅವನು ಬಿಡುವ ನಾಲ್ಕು ವರ್ಷ ಮುಂಚೆ. ಜೊತೆಯವರು ಅವನನ್ನು 'ಮುಚ್ಚಳ' ಎಂದೇ ಕರೆಯುತ್ತಿದ್ದರು. ಕೆಲಸಕ್ಕೂ ಹೊಂದುತ್ತಿತ್ತು, ಮನುಷ್ಯನಿಗೂ ಹೊಂದುತ್ತಿತ್ತು. ತನ್ನ ವಿಷಯ ಬಂದರೆ ಅಣ್ಣ ತುಟಿ ಪಿಟಕ್ಕೆನ್ನುವವನಲ್ಲ. ಮದುವೆಯ ಮಾತೆತ್ತಿದರೆ ಎದುರಿಗಿದ್ದ ಬಾಗಿಲಿನ ಚಿಲಕ ಸಡಿಲವಾಗಿದೆ ಎಂದು ಹೇಳಿ ಎದ್ದುಬಿಡುತ್ತಿದ್ದ. ನಮ್ಮಿಂದ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಮೇಲೆ, ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ಒಬ್ಬನೇ ಇದ್ದಾನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರೆ ಸಂಜೆ ಆರಕ್ಕೆ ಹೋಗುತ್ತಾನೆ. ಕೆಲಸ ಬಿಟ್ಟ ಮೇಲೆ ಅವನ ವಾರಕ್ಕೆ ಅದೊಂದೇ ದಿನ ಎಂದು ನನಗೆ ಗೊತ್ತಿತ್ತು. ಮಿಕ್ಕ ಆರು ದಿನ ಆ ಏಳನೆಯದಕ್ಕೆ ಬೇಕಾದ ಸಾಮಾನು ಹೊಂದಿಸುತ್ತಿದ್ದ.

ಈಗ ಮೇಲಿನ ಕೋಣೆಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗೋಡೆಯಿಂದ ಗೋಡೆಗೆ ಮೇಜು. ಅದರ ಮೇಲೆ ಹಳಿ, ಎರಡು ನಿಲ್ದಾಣ, ಮಧ್ಯೆ ಗೋಣಿತಟ್ಟು ಮತ್ತು ಪ್ಲಾಸ್ಟರಿನಿಂದ ಮಾಡಿದ ಒಂದು ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಎರಡು ಮಾರು ಉದ್ದದ ಸುರಂಗ. ಕಿಟಕಿಯ ಕಡೆಯ ಅರ್ಧ ನಮ್ಮನೆಯವರದು, ಬಾಗಿಲ ಕಡೆಯ ಅರ್ಧ ಅಣ್ಣನದು. ಇಬ್ಬರ ಮುಂದೆಯೂ ಒಂದೊಂದು ಕರೆಂಟಿನ ಡಬ್ಬ, ಅದಕ್ಕೊಂದು ನಾಬ್. ತಿರುಗಿಸಿದಷ್ಟೂ ಹಳಿಗೆ ಕರೆಂಟು, ಕರೆಂಟಿನಷ್ಟು ವೇಗ. ರೈಲು ಒಬ್ಬರ ಅರ್ಧದಿಂದ ಇನ್ನೊಬ್ಬರ ಅರ್ಧಕ್ಕೆ ಹೋಗಬೇಕಾದರೆ ಸುರಂಗದೊಳಗೆ ಕೈ ಬದಲಾಗಬೇಕು. ಇವರು ರೈಲನ್ನು ಸುರಂಗದೊಳಕ್ಕೆ ತಂದು ನಿಲ್ಲಿಸಿ, ತಮ್ಮ ಸ್ವಿಚ್ಚು ಆರಿಸಿ, ಗುಡ್ಡದ ಮೇಲಿಂದ "ಕೊಟ್ಟೆ" ಎನ್ನಬೇಕು. ಅಣ್ಣ ತನ್ನ ಸ್ವಿಚ್ಚು ಹಾಕಿ "ತಗೊಂಡೆ" ಎಂದು ರೈಲನ್ನು ಆಚೆ ಬಾಯಿಂದ ಹೊರಗೆ ತೆಗೆಯಬೇಕು. ಒಳಗೆ ರೈಲು ಎಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ, ಆ ಎರಡು ಮಾತೇ ಗತಿ. ಇಪ್ಪತ್ತಾರು ವರ್ಷ ಕೆಳಗೆ ಕೂತು ಮಿಷನ್ ತುಳಿಯುತ್ತ ನಾನು ಕೇಳಿದ್ದು ಇದನ್ನೇ. ಕೊಟ್ಟೆ, ತಗೊಂಡೆ. ಕೊಟ್ಟೆ, ತಗೊಂಡೆ. ಬೇರೆಯವರ ಮನೆಯಲ್ಲಿ ರೇಡಿಯೋ ಇರುತ್ತದೆ.

ಆ ಭಾನುವಾರ ನಾನು ಮೇಲೆ ಹೋದದ್ದು ಒಂದು ಕೋಟಿನ ವಿಚಾರಕ್ಕೆ. ಪಕ್ಕದ ಬೀದಿಯ ವಕೀಲರ ಕೋಟಿಗೆ ಹೊಸ ಒಳಬಟ್ಟೆ ಹಾಕಿ, ಅಂಗಡಿಗೆ ಹೋಗುವ ದಾರಿಯಲ್ಲಿ ತಲುಪಿಸಿ ಎಂದು ಶನಿವಾರ ಇವರ ಕೈಗೆ ಕೊಟ್ಟಿದ್ದೆ. ಬಂದಿಲ್ಲ ಎಂದು ಅವರ ಮನೆಯಿಂದ ಫೋನು. ಕೋಟು ಅವರ ಆಫೀಸಿನಲ್ಲೇ ಇತ್ತು ಎಂದು ತಿಳಿದದ್ದು ಆಮೇಲೆ. ನನಗೆ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ನಿಂತು ಕೇಳಿದೆ.

"ರೀ, ವಕೀಲರ ಕೋಟು ಕೊಟ್ರಾ ಇಲ್ವಾ?"

ಇವರು ಮುಖ ಎತ್ತಿ, "ಕೊಟ್ಟೆ" ಅಂದರು.

"ತಗೊಂಡೆ" ಅಂದ ಅಣ್ಣ. ಅಂದವನೇ ಸ್ವಿಚ್ಚು ಹಾಕಿದ, ನಾಬ್ ತಿರುಗಿಸಿದ.

ಇವರ ಪ್ಯಾಸೆಂಜರ್ ರೈಲು ಆಗಷ್ಟೇ ಸುರಂಗದೊಳಕ್ಕೆ ನುಗ್ಗಿತ್ತು, ಇನ್ನೂ ಓಡುತ್ತಲೇ ಇತ್ತು. ಎರಡು ಕಡೆಯ ಕರೆಂಟೂ ಒಟ್ಟಿಗೆ ಬಿತ್ತು. ರೈಲು ಆಚೆ ಬಾಯಿಂದ ಹಾರಿದಂತೆ ಹೊರಬಂದು, ತಿರುವಿನಲ್ಲಿ ಹಳಿ ಬಿಟ್ಟು, ಮೇಜಿನ ಅಂಚು ದಾಟಿ ಕೆಳಕ್ಕೆ ಬಿತ್ತು. ಬಿದ್ದದ್ದು ಆ ಮೊದಲ ಇಂಜಿನ್ನೇ, ಗಿರಾಕಿ ಕೊಟ್ಟದ್ದು. ಹೊಗೆಕೊಳವೆ ಮುರಿದು ನನ್ನ ಕಾಲ ಬಳಿ ಉರುಳಿತು.

"ನೀವು ಕೊಟ್ಟೆ ಅಂದ್ರಿ" ಅಂದ ಅಣ್ಣ.

"ಕೋಟು ಕೊಟ್ಟೆ ಅಂದೆ ಭಾವಾ!" ಇವರಿಗೆ ನಗು ತಡೆಯಲಾಗಲಿಲ್ಲ.

"ಯಾವ ಕೋಟು?"

ಕೇಳಿ ಅಣ್ಣ ಕೆಳಗೆ ಬಿದ್ದದ್ದನ್ನು ಎತ್ತಲು ತಿರುಗಿದ. ನನ್ನನ್ನು ನೋಡಿ ಬೆಚ್ಚಿಬಿದ್ದ. "ನೀನ್ಯಾವಾಗ ಬಂದೆ?"

ನಾನು ಅವನ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೋಟಿನ ವಿಷಯ ಕೇಳಿದ್ದೆ. ನನ್ನ ದನಿ ಸಣ್ಣದು ಎಂದು ಇದುವರೆಗೆ ಯಾರೂ ದೂರಿಲ್ಲ. ಅಣ್ಣನಿಗೆ ಅದು ಕೇಳಿಸಿರಲೇ ಇಲ್ಲ. ಇವರು "ಕೊಟ್ಟೆ" ಎಂದದ್ದೂ ಕೇಳಿಸಿರಲಿಲ್ಲ. ಅವನು ಕಂಡದ್ದು ಇವರ ಬಾಯಿ ಮಾತ್ರ. ತುಟಿ ದುಂಡಗಾಗಿ ಮುಂದೆ ಬಂದು ಹಿಂದೆ ಸರಿದದ್ದನ್ನು ನೋಡಿ ಅದನ್ನೇ ಮಾತೆಂದುಕೊಂಡಿದ್ದ.

ನನಗೆ ಇನ್ನೊಂದು ನೆನಪಾಯಿತು. ಹೊಲಿಯುವಾಗ ನನ್ನ ಬಾಯಲ್ಲಿ ಯಾವಾಗಲೂ ನಾಲ್ಕಾರು ಗುಂಡುಸೂಜಿ ಇರುತ್ತವೆ, ತುಟಿಯಲ್ಲಿ ಅವುಗಳನ್ನು ಕಚ್ಚಿಕೊಂಡೇ ಮಾತಾಡುತ್ತೇನೆ. ಒಂದು ವರ್ಷದಿಂದ ಅಣ್ಣ ಬಂದಾಗಲೆಲ್ಲ "ಆ ಸೂಜಿ ತೆಗೆದು ಮಾತಾಡೇ, ನುಂಗ್ಬಿಟ್ಟೀಯ" ಎಂದು ಗದರುತ್ತಿದ್ದ. ನಲವತ್ತು ವರ್ಷದಿಂದ ಇಲ್ಲದ ಕಾಳಜಿ ಈಗ್ಯಾಕೆ ಎಂದು ನಾನು ಅವನ ಮೇಲೇ ರೇಗಿದ್ದೆ. ಈಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಣ್ಣ ಇಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. "ರಿಪೇರಿ ಮಾಡಿ ಕಳಿಸ್ತೀನಿ" ಅಂದ. ತರ್ತೀನಿ ಅನ್ನಲಿಲ್ಲ. ಹನ್ನೊಂದು ಗಂಟೆಗೇ ಮೆಟ್ಟಿಲಿಳಿದು ಹೋದ.

ಮುಂದಿನ ಭಾನುವಾರ ಮಂಡಿನೋವು ಎಂದು ಹೇಳಿಕಳಿಸಿದ. ಅದರ ಮುಂದಿನ ಭಾನುವಾರವೂ ಮಂಡಿಯೇ. ಮಂಡಿನೋವಿನವನು ಅದಾದ ಮೇಲಿನ ಬುಧವಾರ ಇವರ ಅಂಗಡಿಯ ತನಕ ನಡೆದು ಹೋಗಿ, ರಿಪೇರಿಯಾದ ಇಂಜಿನ್ನನ್ನೂ ಒಂದು ದೊಡ್ಡ ಹಾಳೆಯನ್ನೂ ಕೆಲಸದವಳ ಕೈಗೆ ಕೊಟ್ಟು, ಇವರು ಒಳಗಿನಿಂದ ಬರುವಷ್ಟರಲ್ಲಿ ಜಾಗ ಖಾಲಿ ಮಾಡಿದ್ದ. ಇವರು ಆ ಹಾಳೆಯನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಹರಡಿದರು.

"ನೋಡು ನಿಮ್ಮಣ್ಣನ ಅಚ್ಚುಕಟ್ಟುತನ. ಡಿಜಿಟಲ್ ಮಾಡ್ಸೋಣ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೆ, ಆಗೆಲ್ಲ ಕಿವಿ ಮೇಲೇ ಹಾಕೊಳ್ಳಲಿಲ್ಲ. ಈಗ ತಾವೇ ಬರೆದು ಕಳಿಸಿದ್ದಾರೆ."

ಅಣ್ಣ ಸ್ಕೇಲಿಟ್ಟು ಗೆರೆ ಎಳೆದು ಎಲ್ಲವನ್ನೂ ಬರೆದಿದ್ದ. ಡಿಜಿಟಲ್ಲಿನಲ್ಲಿ ಹಳಿಗೆಲ್ಲ ಯಾವಾಗಲೂ ಕರೆಂಟು ಇರುತ್ತದೆ, ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಗಲದ ಡಿಕೋಡರ್ ಎಂಬ ಚಿಪ್ ಕೂರಿಸುತ್ತಾರೆ, ಒಂದೊಂದಕ್ಕೂ ಒಂದೊಂದು ನಂಬರು. ನಂಬರು ಒತ್ತಿ ಹೇಳಿದರೆ ಆ ಇಂಜಿನ್ನು ಮಾತ್ರ ಕೇಳುತ್ತದೆ, ಉಳಿದವು ಸುಮ್ಮನಿರುತ್ತವೆ. ಅರ್ಧ ಅರ್ಧ ಹಂಚಿಕೊಳ್ಳುವುದೂ ಬೇಡ, ಸ್ವಿಚ್ಚೂ ಬೇಡ. ಕೊಳ್ಳಲು ಮೂರು ಬಗೆಯವು ಇವೆಯಂತೆ. ಮೊದಲನೆಯದು ದೊಡ್ಡ ಪರದೆಯ ಡಬ್ಬ, ಒಂದೇ ಕಡೆ ಕೂತು ಇಪ್ಪತ್ತು ರೈಲು ಓಡಿಸಬಹುದು. ಎರಡನೆಯದು ಮೊಬೈಲಿನಿಂದ ನಡೆಯುವಂಥದ್ದು. ಮೂರನೆಯದಕ್ಕೆ ವೈರಿನ ತುದಿಯಲ್ಲಿ ಕೈಯಲ್ಲಿ ಹಿಡಿಯುವ ನಾಬ್‌ಗಳು, ಎಷ್ಟು ಬೇಕಾದರೂ ಸಿಕ್ಕಿಸಬಹುದು. ಕೆಳಗೆ 'ಓಡಿಸಲು ಬೇಕಾದವರು' ಎಂದು ಒಂದು ಸಾಲು. ಮೊದಲನೆಯದಕ್ಕೆ ಒಬ್ಬರು. ಎರಡನೆಯದಕ್ಕೆ ಒಬ್ಬರು. ಮೂರನೆಯದಕ್ಕೆ ಇಬ್ಬರು, ಅದರ ಪಕ್ಕ 'ಅನಗತ್ಯ ತೊಂದರೆ'. ಕೊನೆಗೆ ಅಡಿಗೆರೆ ಎಳೆದು ಹೀಗೆ ಬರೆದಿದ್ದ: ಮೊದಲನೆಯದೇ ಯೋಗ್ಯ. ಒಬ್ಬರೇ ಸಾಕು.

"ಓದಿದ್ರಾ?" ಅಂದೆ.

"ಓದಿದೆ. ಮೊದಲನೆಯದೇ ತಗೊಳ್ಳೋಣ ಅಂತ."

"ಊರಿಗೆಲ್ಲ ಕನ್ನಡಕ ಹಾಕ್ತೀರಿ, ನಿಮಗೊಂದು ಹಾಕ್ಕೊಳ್ರೀ! ಇದು ಸಾಮಾನಿನ ಪಟ್ಟಿ ಅಲ್ಲ, ನಮ್ಮಣ್ಣನ ರಾಜೀನಾಮೆ. ಅವನಿಗೆ ಕಿವಿ ಹೋಗಿದೆ. ಇನ್ಮೇಲೆ ಅವನು ಬರಲ್ಲ."

ಇವರು ಆ ಕೊನೆಯ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದರು.

"ಕಿವಿ ವಿಷ್ಯ ನಂಗೆ ಗೊತ್ತು ಕಣೆ. ಒಂದು ವರ್ಷ ಆಯ್ತು. ಅದಕ್ಕೇ ಪ್ರತಿ ಸಲ ಮುಖ ಎತ್ತಿ, ಬಾಯಿ ಬಿಡಿಸಿ ಹೇಳ್ತಿದ್ದೆ. ಅವತ್ತು ನೀನು ಕೇಳ್ದಾಗ ಮರ್ತು ಅದೇ ಥರ ಹೇಳ್ಬಿಟ್ಟೆ. ತಪ್ಪು ನಂದೇ. ಆದ್ರೆ ಈ ಹಾಳೆ... ಇದು ನಂಗೆ ಹೊಳೀಲಿಲ್ಲ."

"ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?"

"ಅವ್ರೇ ಹೇಳದೇ ಇರೋದನ್ನ ನಾನ್ಹೇಗೆ ಹೇಳ್ಲಿ? ಭಾವ ಅಲ್ವಾ."

ಹುಟ್ಟಿದಾಗಿನಿಂದ ನಾನು ಅವನ ತಂಗಿ. ಅವನ ಕಿವಿ ಹೋದದ್ದು ನನಗಿಂತ ಮೊದಲು ಇವರಿಗೆ ತಿಳಿದಿತ್ತು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅಣ್ಣನಂಥವನು ಒಂದು ಸಲ ಮುಚ್ಚಿಕೊಂಡರೆ ಮತ್ತೆ ತೆಗೆಯುವುದು ಕಷ್ಟ. ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಕೂತು, ಯಾರೊಂದಿಗೂ ಮಾತಿಲ್ಲದೆ, ಕೇಳಿಸದಿರುವುದು ಯಾರಿಗೂ ಗೊತ್ತಾಗದ ಹಾಗೆ ಬದುಕಿಬಿಡುತ್ತಾನೆ. ಅವನನ್ನು ಮತ್ತೆ ಆ ಮೆಟ್ಟಿಲು ಹತ್ತಿಸಬೇಕಿತ್ತು. ಕರುಣೆಯಿಂದ ಕರೆದರೆ ಬರುವ ಗಂಡಸಲ್ಲ.

ಶನಿವಾರ ಮಧ್ಯಾಹ್ನ ಅವನ ಕೋಣೆಗೆ ಹೋದೆ. ಬಾಗಿಲು ತಟ್ಟಿದೆ, ಉತ್ತರವಿಲ್ಲ. ದೂಡಿ ಒಳಗೆ ಹೋದರೆ ಅಣ್ಣ ಬಾಗಿಲಿಗೆ ನೇರ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮೊದಲೆಲ್ಲ ಆ ಕುರ್ಚಿ ಕಿಟಕಿಯ ಕಡೆಗಿರುತ್ತಿತ್ತು. ನಾನು ದಾರಿಯಲ್ಲೇ ಬಾಯಿಂದ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಿದ್ದೆ. ಅವನ ಎದುರಿಗೆ ಕೂತು ನಿಧಾನವಾಗಿ ಹೇಳಿದೆ.

"ಅಣ್ಣಾ, ನಿನ್ನ ಹಾಳೆ ನೋಡಿದ್ರು. ಇವ್ರು ಎರಡನೆಯದು ತಗೊಳ್ತಾರಂತೆ. ಮೊಬೈಲಿಂದು."

"ಮೊಬೈಲಾ!" ಅಣ್ಣ ಎದ್ದೇ ನಿಂತ. "ಬುದ್ಧಿ ನೆಟ್ಟಗಿದೆಯಾ ಅವ್ರಿಗೆ? ನಾಬ್ ಆದ್ರೆ ಕೈಗೇ ಗೊತ್ತಾಗತ್ತೆ, ಎಷ್ಟು ತಿರುಗಿತು ಅಂತ. ಆ ಗಾಜಿನ ಮೇಲೆ ಬೆರಳು ಜಾರಿದ್ರೆ ಇಂಜಿನ್ನು ನೇರ ಗೋಡೆಗೆ! ಅಲ್ಲಿ ಬರ್ದಿದೀನಲ್ಲ."

"ನಂಗೇನ್ ಗೊತ್ತು. ನಾಳೆ ರೈಲಿನಂಗಡಿಗೆ ಹೋಗ್ತಾರಂತೆ. ಬೇಕಾದ್ರೆ ನೀನೇ ಬಂದು ಹೇಳು."

ಅಣ್ಣ ಅತ್ತ ಇತ್ತ ನಡೆದ. ಎರಡನೆಯದರ ದೋಷಗಳನ್ನು ಇನ್ನಷ್ಟು ಬರೆದುಕೊಳ್ಳಲು ಪೆನ್ಸಿಲ್ ಹುಡುಕುತ್ತ ಮೇಜಿನ ಖಾನೆ ಎಳೆದ. ಸ್ಕ್ರೂಗಳ ನಡುವೆ ಒಂದು ಪುಟ್ಟ ಡಬ್ಬಿಯಲ್ಲಿ ಕಿವಿಗೆ ಹಾಕುವ ಮಿಷನ್ನು ಹೊಚ್ಚಹೊಸದಾಗಿ ಕೂತಿತ್ತು. ನಾನು ಅದನ್ನು ನೋಡಿದ್ದನ್ನು ಅವನೂ ನೋಡಿದ. ಖಾನೆ ಮುಚ್ಚಿದ. "ಎಷ್ಟು ಗಂಟೆಗೆ?" ಅಂದ. ನಾನು ಹತ್ತು ಎಂದು ಎರಡೂ ಕೈ ಬಿಡಿಸಿ ತೋರಿಸಿದೆ. ಮಂಡಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಮಾಡೆಲ್ ರೈಲಿನ ಅಂಗಡಿ ಊರಿನ ಆಚೆ ತುದಿಯಲ್ಲಿ, ಗಡಿಯಾರದ ಅಂಗಡಿಯ ಮಹಡಿಯ ಮೇಲಿದೆ. ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅಣ್ಣ ಮೊಬೈಲಿನ ವಿರುದ್ಧ ವಾದ ಮಾಡಿದ. ಎರಡನೆಯದು ಬೇಕು ಎಂದು ಯಾವತ್ತೂ ಹೇಳದ ನಮ್ಮನೆಯವರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ನಾನು ಬಸ್ಸಿನ ಕಿಟಕಿಯಾಚೆ ನೋಡಿದೆ.

ಅಂಗಡಿಯವನ ಕೆಲಸದ ಜ್ಞಾನಕ್ಕೆ ಕೊರತೆಯಿರಲಿಲ್ಲ. ಇದ್ದ ಕೊರತೆ ಒಂದೇ, ಅವನ ಮೀಸೆ. ಮೇಲ್ತುಟಿಯನ್ನು ಪೂರ್ತಿ ನುಂಗಿ ಕೆಳತುಟಿಗೂ ಕೈಹಾಕಿದ ಮೀಸೆ. ಅದರ ಹಿಂದಿನಿಂದ ಮಾತು ಪಟಪಟನೆ ಬರುತ್ತಿತ್ತು, ಬಾಯಿ ಮಾತ್ರ ಕಾಣುತ್ತಿರಲಿಲ್ಲ. ಮೊದಲನೆಯದನ್ನು ತೋರಿಸುತ್ತ ಅವನು ಐದು ನಿಮಿಷ ಮಾತಾಡಿದ. ಅಣ್ಣ ಪ್ರತಿಯೊಂದಕ್ಕೂ ತಲೆಯಾಡಿಸಿದ.

"ಸರ್, ನಿಮ್ ಹತ್ರ ಎಷ್ಟು ಇಂಜಿನ್ ಇವೆ?" ಮೀಸೆಯವನು ಕೇಳಿದ.

"ಹೌದು ಹೌದು" ಅಂದ ಅಣ್ಣ.

ಮೀಸೆಯವನು ನಮ್ಮಿಬ್ಬರ ಕಡೆ ನೋಡಿದ. ಅಣ್ಣನಿಗೆ ತಪ್ಪಾಯಿತೆಂದು ತಿಳಿಯಿತು, ಏನು ತಪ್ಪಾಯಿತೆಂದು ತಿಳಿಯಲಿಲ್ಲ. ಅವನ ಕುತ್ತಿಗೆಯಿಂದ ಕೆಂಪು ಕಿವಿಯವರೆಗೆ ಏರಿತು. ಕೈ ಮೇಜಿನ ಮೇಲೆ ತೆಗೆದಿಟ್ಟಿದ್ದ ಟೋಪಿಯ ಕಡೆ ಹೋಯಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಮೆಟ್ಟಿಲು ಇಳಿದೇಬಿಡುತ್ತಿದ್ದ. ನನಗೆ ಆ ಮೀಸೆಯನ್ನು ನನ್ನ ಕತ್ತರಿಯಿಂದಲೇ ಕತ್ತರಿಸಿಬಿಡೋಣ ಅನ್ನಿಸಿತು, ಪಾಪ, ಅವನ ತಪ್ಪೇನೂ ಇರಲಿಲ್ಲ.

ನಾನು ಅಣ್ಣನ ಎದುರಿಗೆ ಹೋಗಿ ನಿಂತೆ. "ಎಷ್ಟು ಇಂಜಿನ್ ಇವೆ ಅಂತ ಕೇಳ್ತಿದಾರೆ."

"ಹನ್ನೊಂದು" ಅಂದ ಅಣ್ಣ, ನೆಲ ನೋಡುತ್ತ.

ಅಷ್ಟರಲ್ಲಿ ನಮ್ಮನೆಯವರು ಆಚೆ ಮೇಜಿನ ಹತ್ತಿರ ಹೋಗಿ ಮೂರನೆಯದನ್ನು ಕೈಗೆತ್ತಿಕೊಂಡಿದ್ದರು. ಮುಷ್ಟಿಯಲ್ಲಿ ಕೂರುವ ಕಪ್ಪು ಡಬ್ಬ, ನಡುವೆ ಒಂದು ದಪ್ಪ ನಾಬ್, ಕೆಳಗೆ ಒಂದು ಗುಂಡಿ, ತಲೆಯ ಮೇಲೆ ಕಡಲೆಕಾಳಿನಷ್ಟು ಹಸಿರು ದೀಪ. ಅಂಥದೇ ಇನ್ನೊಂದು ಪಕ್ಕದಲ್ಲಿತ್ತು.

"ಅದನ್ನ ಈಗ ಯಾರೂ ಇಷ್ಟಪಡಲ್ಲ ಸರ್" ಅಂದ ಮೀಸೆಯವನು. "ಹಳೇ ಪದ್ಧತಿ. ಒಬ್ರ ಕೈಲಿರೋ ಇಂಜಿನ್ನು, ಅವ್ರಾಗೇ ಗುಂಡಿ ಒತ್ತಿ ಬಿಡೋ ತನಕ ಇನ್ನೊಬ್ರಿಗೆ ಸಿಗಲ್ಲ. ಬಿಟ್ರೆ ಆ ಕಡೆಯವ್ರ ಡಬ್ಬದಲ್ಲಿ ದೀಪ ಮಿಣುಕತ್ತೆ. ಅವ್ರು ಒತ್ತಿದ್ಮೇಲೇನೇ ಇಂಜಿನ್ನು ಅವ್ರದು. ಒಂದು ಕೆಲ್ಸಕ್ಕೆ ಎರಡು ಸಲ ಒತ್ತಬೇಕು, ರಗಳೆ."

ಇವರು ಎರಡನೇ ಡಬ್ಬವನ್ನು ಅಣ್ಣನ ಕೈಗೆ ಕೊಟ್ಟರು. ಅಂಗಡಿಯ ಮೇಜಿನ ಮೇಲೆ ಒಂದು ಸುತ್ತು ಹಳಿಯಿತ್ತು, ಅದರ ಮೇಲೆ ಒಂದು ಇಂಜಿನ್ನು. ಇವರು ಅದನ್ನು ಅರ್ಧ ಸುತ್ತು ಓಡಿಸಿ ನಿಲ್ಲಿಸಿದರು. ಆಮೇಲೆ ಬೇಕೆಂದೇ ಅಣ್ಣನಿಗೆ ಬೆನ್ನು ಹಾಕಿ ನಿಂತು ಗುಂಡಿ ಒತ್ತಿದರು.

ಅಣ್ಣನ ಕೈಯಲ್ಲಿ ಹಸಿರು ದೀಪ ಮಿಣುಕಿತು.

ಅಣ್ಣ ದೀಪ ನೋಡಿದ. ಇವರ ಬೆನ್ನು ನೋಡಿದ. ಮತ್ತೆ ದೀಪ ನೋಡಿದ. ಒತ್ತಿದ. "ತಗೊಂಡೆ" ಅಂದ. ಅವನಿಗೆ ತನ್ನ ದನಿಯ ಅಳತೆ ತಪ್ಪಿತ್ತಲ್ಲ, ಅದು ಕೆಳಗಿನ ಗಡಿಯಾರದ ಅಂಗಡಿಗೂ ಕೇಳಿಸಿರಬೇಕು.

ಇವರು ತಿರುಗಿದರು, ಮುಖ ಎತ್ತಿದರು. "ಇದೇ ತಗೊಳ್ಳೋಣ ಭಾವಾ."

"ನನ್ನ ಹಾಳೇಲಿ ಇದು ಕೊನೇದು" ಅಂದ ಅಣ್ಣ. "ಇದಕ್ಕೆ ಇಬ್ರು ಬೇಕು."

"ಗೊತ್ತು. ನೀವೇ ಬರ್ದಿದೀರಲ್ಲ. ಅದಕ್ಕೇ ಇದು."

ಅಣ್ಣ ನಾಬನ್ನು ಸುಮ್ಮನೆ ಅತ್ತ ಇತ್ತ ತಿರುಗಿಸಿದ. ಇಂಜಿನ್ನು ಮುಂದೆ ಹೋಯಿತು, ಹಿಂದೆ ಬಂತು. "ನಂಗೆ ಕೇಳ್ಸಲ್ಲ ಭಾವಾ" ಅಂದ. "ಡಾಕ್ಟ್ರು ಮಿಷನ್ನು ಕೊಟ್ಟಿದಾರೆ. ಹಾಕ್ಕೊಂಡ್ರೆ ಎಲ್ಲಾ ಸದ್ದೂ ಪ್ರೆಸ್ಸಿನ ಸದ್ದಿನ ಥರಾನೇ ಇರತ್ತೆ. ತೆಗೆದಿಟ್ಟೆ."

"ಅದೂ ಗೊತ್ತು" ಅಂದರು ಇವರು. ಮಿಷನ್ನಿನ ವಿಷಯ ಇವರಿಗೆ ಮೊದಲಿಂದ ಗೊತ್ತಿರಲಿಲ್ಲ, ಹಿಂದಿನ ದಿನ ನನ್ನಿಂದ ತಿಳಿದದ್ದು. ಆ ಅರ್ಧ ಸುಳ್ಳನ್ನು ನಾನು ಹೊಟ್ಟೆಗೆ ಹಾಕಿಕೊಂಡೆ.

ಹನ್ನೊಂದು ಇಂಜಿನ್ನುಗಳ ಹೊಟ್ಟೆಗೂ ಚಿಪ್ ಕೂರಿಸಲು ಮೂರು ವಾರ ಹಿಡಿಯಿತು. ಅಣ್ಣ ದಿನಾ ಬಂದ, ಭಾನುವಾರ ಮಾತ್ರವಲ್ಲ. ನನ್ನ ಅಡುಗೆಮನೆಯ ಮೇಜನ್ನೂ ಹಿಡಿದುಕೊಂಡ. ಕೂದಲೆಳೆಯಂಥ ವೈರುಗಳಿಗೆ ಬೆಸುಗೆ ಹಾಕಿ, ಒಂದೊಂದು ಇಂಜಿನ್ನಿಗೂ ನಂಬರು ಕೊಟ್ಟ. ಆ ಹಳೆಯದಕ್ಕೆ ಒಂದನೇ ನಂಬರು. ಇವರು ಮೇಜಿನ ಅಡಿಯ ಹಳೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದರು. ಕಿವಿಯ ಮಿಷನ್ನಿನ ವಿಷಯಕ್ಕೆ ನಾನು ಅಣ್ಣನ ತಲೆ ತಿಂದೆ. ದಿನಕ್ಕೆ ಒಂದು ಗಂಟೆ, ನನ್ನ ಹೊಲಿಗೆ ಮಿಷನ್ನು ನಿಂತಿರುವಾಗ ಮಾತ್ರ ಹಾಕಿಕೊಳ್ಳುತ್ತೇನೆ ಎಂದು ಕೊನೆಗೆ ಒಪ್ಪಿದ. ಹಾಕಿಕೊಂಡ ಮೊದಲ ದಿನ ನನ್ನ ಮಾತು ಕೇಳಿ, "ನೀನು ಇಷ್ಟು ಜೋರಾಗಿ ಮಾತಾಡ್ತೀಯಾ?" ಅಂದ. ಅದನ್ನು ಕೇಳಿ ಇವರು ನಕ್ಕದ್ದು ನನಗಿನ್ನೂ ಜೀರ್ಣವಾಗಿಲ್ಲ.

ನಾಲ್ಕನೇ ಭಾನುವಾರ ಮೊದಲ ಸಲ ಓಡಿಸಿದರು. ಹನ್ನೊಂದು ಗಂಟೆಗೆ ನಾನು ಟೀ ತೆಗೆದುಕೊಂಡು ಮೇಲೆ ಹೋದೆ. ಬಾಗಿಲಲ್ಲಿ ನಿಂತೆ, ಅಣ್ಣನ ಬೆನ್ನ ಹಿಂದೆ, ಅವತ್ತು ನಿಂತ ಜಾಗದಲ್ಲೇ. ಬಾಯಲ್ಲಿ ಗುಂಡುಸೂಜಿ ಇದ್ದವು, ಈ ಸಲ ಏನೂ ಕೇಳಲಿಲ್ಲ.

ಕಿಟಕಿಯ ಕಡೆಯಿಂದ ಇವರು ಒಂದನೇ ನಂಬರನ್ನು ನಾಲ್ಕು ಬೋಗಿಗಳ ಜೊತೆ ಸುರಂಗದೊಳಕ್ಕೆ ತಂದು ನಿಲ್ಲಿಸಿದರು. ಗುಂಡಿ ಒತ್ತಿದರು. ಅಭ್ಯಾಸ ಬಿಡಬೇಕಲ್ಲ, "ಕೊಟ್ಟೆ" ಎಂದೂ ಅಂದರು, ಆದರೆ ತಲೆ ಎತ್ತಲಿಲ್ಲ, ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ದೀಪ ಮಿಣುಕಿತು. "ತಗೊಂಡೆ" ಅಂದ ಅಣ್ಣ. ಅಂದು, ಬಗ್ಗಿ, ಗಲ್ಲವನ್ನು ಮೇಜಿನ ಅಂಚಿಗೆ ಊರಿ, ಸುರಂಗದ ಬಾಯನ್ನೇ ನೋಡುತ್ತ ನಾಬ್ ತಿರುಗಿಸಿದ. ಕತ್ತಲೊಳಗಿಂದ ಇಂಜಿನ್ನು ನಿಧಾನವಾಗಿ ಅವನ ಮುಖದ ಎದುರಿಗೇ ಬಂತು.

ನನಗೆ ಆಗ ಹೊಳೆಯಿತು. ಒಂದು ವರ್ಷದಿಂದ ಅಣ್ಣ ಆ ಬಾಗಿಲ ಕಡೆ ಕೂತು ರೈಲನ್ನು ನೋಡಿಯೇ ಇರಲಿಲ್ಲ. ಇವರ ಬಾಯಿಯನ್ನು ನೋಡುತ್ತಿದ್ದ. ನನಗೆ ಅಳು ಬಂತು. ಸೂಜಿ ಕಚ್ಚಿಕೊಂಡವರಿಗೆ ಸರಿಯಾಗಿ ಅಳಲೂ ಆಗುವುದಿಲ್ಲ.

"ಭಾವಾ" ಅಂದ ಅಣ್ಣ, ಗಲ್ಲ ಎತ್ತದೆ. "ಈ ಮೂರನೇ ಬೋಗಿ ಕುಂಟ್ತಾ ಇದೆ. ಯಾವಾಗಿಂದ ಇದು?"

ಇವರು ಬಂದು ಅವನ ಎದುರಿಗೆ ಬಗ್ಗಿದರು. "ಹೋದ ವರ್ಷದಿಂದ."

"ಹೇಳ್ಬಾರ್ದಿತ್ತಾ?"

"ನೀವೇ ನೋಡ್ತೀರಿ ಅಂತ ಕಾಯ್ತಿದ್ದೆ."

ಅಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ನಾನು ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಎದುರಿಗೆ ಹೋಗಿ, ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದೆ.

"ಟೀ ಆರತ್ತೆ, ಅಣ್ಣಾ" ಅಂದೆ.

"ಹತ್ತು ನಿಮಿಷದ ಕೆಲ್ಸ" ಅಂದ ಅಣ್ಣ.